ಸೊಂಟಪಟ್ಟಿಯ ಮೂರು ಹೊಲಿಗೆ

ಮನೆ, ಹೊಲಿಗೆ ಕೋಣೆಯಿಂದ
ತಾರೀಕು ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗನೇ,

ಹೇಗಿದ್ದೀಯ? ಸುರಂಗ ತೋಡುವ ಕಡೆ ಧೂಳು ಜಾಸ್ತಿ ಎಂದು ಹೋದ ಸಲ ನೀನು ಬರೆದಿದ್ದೆ, ಕೆಮ್ಮು ಕಡಿಮೆಯಾಯಿತೇ? ಮೂಗಿಗೆ ಕಟ್ಟಿಕೊಳ್ಳಲೆಂದು ನಾನು ಹೊಲಿದು ಕಳಿಸಿದ ಬಟ್ಟೆಗಳನ್ನು ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಲಾರಿಯ ಗಾಜು ಒರೆಸಲು ಹಾಕಿಕೊಂಡಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ! ಹೊತ್ತಿಗೆ ಸರಿಯಾಗಿ ಊಟ ಮಾಡು. ಬಗ್ಗಿ ಎದ್ದಾಗ ಉಸಿರು ಕಟ್ಟಿದ ಹಾಗೆ ಆಗುತ್ತದೆಯೇ? ತಲೆ ಸುತ್ತುತ್ತದೆಯೇ? ಸಂಜೆ ಹೊತ್ತು ಮೈ ಸ್ವಲ್ಪ ಬಿಸಿಯಾಗುತ್ತದೆಯೇ? ಇದನ್ನೆಲ್ಲ ಸುಮ್ಮನೆ ಕೇಳುತ್ತಿಲ್ಲ. ನಿನ್ನ ಎದೆಯನ್ನು ಒಮ್ಮೆ ಸ್ಕ್ಯಾನ್ ಮಾಡಿಸಲೇಬೇಕಾಗಿದೆ. ಅದು ಯಾಕೆ ಎಂದು ಹೇಳುವುದಕ್ಕೇ ಇಷ್ಟುದ್ದ ಪತ್ರ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ತಂಗಿ ಪುಟ್ಟಿಯ ಹೆಸರು ಬಂದ ಕೂಡಲೇ ನಿನಗೆ ಲೈನ್ ಸರಿಯಾಗಿ ಕೇಳಿಸುವುದಿಲ್ಲ. ಈ ಪತ್ರದ ತುಂಬ ಅವಳದೇ ಮಾತು. ಪೂರ್ತಿ ಓದು.

ಮೊದಲು ಗಾಬರಿಯಾಗಬೇಡ. ಹತ್ತು ದಿನದ ಹಿಂದೆ ನನಗೆ ಆಪರೇಷನ್ ಆಯಿತು. ಹೃದಯದ ಆಪರೇಷನ್. ನಾನು ಬದುಕಿದ್ದೇನೆ, ಮನೆಗೆ ಬಂದಿದ್ದೇನೆ, ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟದಾಗಿದ್ದರೆ ಡಾಕ್ಟರನ್ನು ಬೈಯಬೇಡ, ಅದು ಮೊದಲಿನಿಂದಲೂ ಹಾಗೆಯೇ. ನಿನಗೆ ತಿಳಿಸಬೇಡಿ ಎಂದು ಹಠ ಹಿಡಿದವನು ನಾನು. ಆ ಬೆಟ್ಟದ ತಿರುವುಗಳಲ್ಲಿ ನೀನು ಗಾಬರಿಯಿಂದ ಗಾಡಿ ಓಡಿಸಿಕೊಂಡು ಬರುವುದನ್ನು ನೆನೆಸಿಕೊಂಡರೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಆ ಹೊತ್ತಿಗೆ ಅದು ಹಾಗೆಲ್ಲ ಹೊಡೆದುಕೊಳ್ಳಬಾರದಿತ್ತು. ನಿಮ್ಮಮ್ಮ ಎರಡು ಸಲ ಫೋನ್ ಕೈಗೆತ್ತಿಕೊಂಡಳು, ಎರಡು ಸಲವೂ ನಾನು ಕಸಿದುಕೊಂಡೆ. ಬೈಯುವುದಿದ್ದರೆ ನನ್ನನ್ನು ಬೈ.

ಈಗ ಮೊದಲಿನಿಂದ ಹೇಳುತ್ತೇನೆ. ಆರು ತಿಂಗಳಿಂದ ನನಗೆ ಮೈ ಸರಿಯಿರಲಿಲ್ಲ. ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಹರಡಿ ಬಗ್ಗಿದರೆ ಸಾಕು, ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು, ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ನೆಟ್ಟಗೆ ನಿಂತು ಎರಡು ನಿಮಿಷ ಕಳೆದರೆ ಎಲ್ಲ ಸರಿ. ಹಾಗಾದರೆ ಬಗ್ಗುವುದೇ ತಪ್ಪು ಎಂದುಕೊಂಡು ಮೇಜಿನ ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರ ಮಾಡಿಕೊಂಡೆ. ಗಿರಾಕಿಗಳೆಲ್ಲ, 'ಏನು ಮಾಸ್ಟರೇ, ಮೇಜು ಬೆಳೆದುಬಿಟ್ಟಿದೆ' ಎಂದರು. 'ಬೆನ್ನಿಗೆ ಒಳ್ಳೇದು' ಎಂದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಜೊತೆಗೆ ತೂಕ ಇಳಿಯುತ್ತಿತ್ತು. ಪ್ಯಾಂಟು ಸಡಿಲವಾಯಿತು, ಹೊಲಿಗೆ ಬಿಚ್ಚಿ ಸೊಂಟ ಬಿಗಿ ಮಾಡಿದೆ. ತಿಂಗಳು ಕಳೆದು ಮತ್ತೆ ಸಡಿಲವಾಯಿತು, ಮತ್ತೆ ಬಿಗಿ ಮಾಡಿದೆ, ಆಮೇಲೆ ಮೂರನೇ ಸಲವೂ ಮಾಡಿದೆ. ಅಂಗಿಯ ಪಕ್ಕಗಳನ್ನು ಒಳಗೆ ಹಿಡಿದೆ, ಕಾಲರ್ ಚಿಕ್ಕದು ಮಾಡಿದೆ. ದರ್ಜಿಯಾದವನು ಜೋಲು ಬಟ್ಟೆ ಹಾಕಿಕೊಂಡು ಅಂಗಡಿಯಲ್ಲಿ ನಿಂತರೆ ನಾಲ್ಕು ಜನ ಏನಂದಾರು? ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ ಮೂವತ್ತೊಂದು ವರ್ಷದಿಂದ ಎದುರಿಗೇ ಕೂತು ಊಟ ಮಾಡುವ ನಿಮ್ಮಮ್ಮನಿಗೂ ಗೊತ್ತಾಗಲಿಲ್ಲ.

ನಮ್ಮ ಬೀದಿಯ ಡಾಕ್ಟರ ಹತ್ತಿರ ಹೋಗಲಿಲ್ಲ ಎಂದುಕೊಳ್ಳಬೇಡ, ಮೂರು ಸಲ ಹೋಗಿದ್ದೆ. ಪಾಪ, ಅವರು ಒಳ್ಳೆಯವರು, ಕೇಳಬೇಕಾದದ್ದನ್ನೆಲ್ಲ ಕೇಳಿದರು. 'ಊಟ ಸೇರುತ್ತಾ?' ಸೇರುತ್ತೆ ಎಂದೆ. 'ತೂಕ ಇಳಿದಿದೆಯಾ? ಬಟ್ಟೆ ಏನಾದರೂ ಸಡಿಲ ಆಗಿದೆಯಾ?' ನಾನು ನನ್ನ ಸೊಂಟ ನೋಡಿಕೊಂಡೆ. ಎಲ್ಲ ಅಳತೆಗೆ ಸರಿಯಾಗಿ ಕೂತಿತ್ತು. 'ಇಲ್ಲ ಡಾಕ್ಟ್ರೇ, ಅಚ್ಚುಕಟ್ಟಾಗಿದೆ' ಎಂದೆ. ಆಣೆ ಮಾಡಿ ಹೇಳುತ್ತೇನೆ, ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ನಾನೇ ಬಿಗಿ ಮಾಡಿದ್ದು ಆ ಹೊತ್ತಿಗೆ ತಲೆಗೇ ಬರಲಿಲ್ಲ. ಅವರು ಬಟ್ಟೆಯ ನಾರಿನಿಂದ ಬಂದ ಉಬ್ಬಸ ಎಂದು ಮಾತ್ರೆ ಕೊಟ್ಟರು, ನಾನು ನುಂಗಿದೆ.

ಈ ತಿಂಗಳ ಎರಡನೇ ತಾರೀಕು ಮಂಗಳವಾರ. ಪುಟ್ಟಿ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಸ್ಕ್ಯಾನ್ ಕೋಣೆಗೆ ಹೊಸ ಪರದೆ ಬೇಕಿತ್ತು. ಬೆಳಕು ಬಿದ್ದರೆ ಯಂತ್ರದ ಚಿತ್ರ ಮಸುಕಾಗುತ್ತದಂತೆ. ದಪ್ಪ ಕಪ್ಪು ಬಟ್ಟೆ ತೆಗೆದುಕೊಂಡು ಎರಡು ಪದರ ಹಾಕಿ ಹೊಲಿದೆ, ನಾನೇ ಹೊತ್ತುಕೊಂಡು ಹೋದೆ. ಆ ಕೋಣೆಯನ್ನು ನೀನು ನೋಡಿಲ್ಲ. ನಾನೂ ಅವತ್ತೇ ಮೊದಲ ಸಲ ನೋಡಿದ್ದು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಚಿಕ್ಕ ಕೋಣೆ, ಒಂದು ಎತ್ತರದ ಮಂಚ, ಪಕ್ಕದಲ್ಲಿ ಚಕ್ರವಿರುವ ಯಂತ್ರ, ಗೋಡೆಗೆ ಒಂದು ಗಡಿಯಾರ. ಪುಟ್ಟಿ ಸ್ಟೂಲಿನ ಮೇಲೆ ಕೂತು ಬಲಗೈಯಲ್ಲಿ ಹಿಡಿಕೆ ಹಿಡಿದು ರೋಗಿಯ ಎದೆಯ ಮೇಲೆ ಇಡುತ್ತಾಳೆ, ಎಡಗೈ ಯಂತ್ರದ ಮೇಲೆ ಓಡಾಡುತ್ತಿರುತ್ತದೆ. ದಿನಕ್ಕೆ ಇಪ್ಪತ್ತು ಜನರನ್ನು ನೋಡಿ ನೋಡಿ ಅವಳ ಬಲಭುಜ ಸ್ವಲ್ಪ ಕೆಳಗಿಳಿದಿದೆ. ಅವಳ ಅಂಗಿ ಹೊಲಿಯುವಾಗ ಅರ್ಧ ಇಂಚು ವ್ಯತ್ಯಾಸ ಬರುತ್ತಿದ್ದದ್ದು ಯಾಕೆ ಎಂದು ಅವತ್ತು ಗೊತ್ತಾಯಿತು.

ಪರದೆ ತೂಗುಹಾಕಿದ್ದಾಯಿತು. ಕೆಳಗಿನ ಅಂಚು ನೆಲಕ್ಕೆ ತಾಗುತ್ತಿದೆಯೇ ಎಂದು ನೋಡಲು ಬಗ್ಗಿದೆ ನೋಡು, ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದುಕೊಂಡೆ. ಪುಟ್ಟಿ ಓಡಿಬಂದು ಮಂಚದ ಮೇಲೆ ಕೂರಿಸಿದಳು. 'ಏನಿಲ್ಲ ಬಿಡೇ, ಬಿಸಿಲು' ಎಂದೆ. ಬೆಲ್ಟು ಸಡಿಲ ಮಾಡಲು ಹೋದವಳು ಪ್ಯಾಂಟಿನ ಸೊಂಟಪಟ್ಟಿ ತಿರುಗಿಸಿ ಒಳಗಡೆ ನೋಡಿದಳು. ಹಳೆಯ ಹೊಲಿಗೆ ಬಿಚ್ಚಿದರೂ ಸೂಜಿಯ ತೂತು ಉಳಿಯುತ್ತದಲ್ಲ. ಒಂದರ ಪಕ್ಕ ಒಂದು, ಮೂರು ಸಾಲು. ದರ್ಜಿಯ ಮಗಳಲ್ಲವೇ, ಬೆರಳಿಟ್ಟು ಎಣಿಸಿದಳು. 'ಅಪ್ಪ, ಇದು ಒಂದೇ ವರ್ಷದ ಬಟ್ಟೆ. ಮೂರು ಸಲ ಯಾಕೆ ಬಿಗಿ ಮಾಡಿದ್ದೀಯ? ನಾಲ್ಕು ಇಂಚು ಹೋಗಿದೆ ಅಪ್ಪ, ನಾಲ್ಕು ಇಂಚು!' ಎಂದಳು. ಆರು ತಿಂಗಳು ಯಾರ ಕಣ್ಣಿಗೂ ಬೀಳದ್ದು ಅವಳಿಗೆ ಅರ್ಧ ನಿಮಿಷದಲ್ಲಿ ಕಂಡಿತು ಮಗನೇ. ನಾನು ಪರದೆಯ ಅಂಚು ನೋಡುತ್ತಾ ಕೂತೆ.

ಮನೆಯವರನ್ನು ತಾವೇ ಸ್ಕ್ಯಾನ್ ಮಾಡಬಾರದು ಎನ್ನುವುದು ಅಲ್ಲಿಯ ಪದ್ಧತಿ, ಕಣ್ಣು ಮೋಸ ಮಾಡುತ್ತದಂತೆ. ಅವತ್ತು ಅವಳ ಜೊತೆಯವಳು ರಜೆ. ಪುಟ್ಟಿ ಹೋಗಿ ಹೃದಯದ ಡಾಕ್ಟರನ್ನೇ ಕರೆದುಕೊಂಡು ಬಂದಳು. ವಯಸ್ಸಾದ ಮನುಷ್ಯ, ಮಾತು ಕಡಿಮೆ. ಅವರು ನನ್ನನ್ನು ಕೂರಿಸಿ ಎದೆಗೆ ಕೊಳವೆ ಇಟ್ಟು ಕೇಳಿದರು, ಮಲಗಿಸಿ ಕೇಳಿದರು, ಮಗ್ಗುಲಾಗಿಸಿ ಕೇಳಿದರು. ಮಗ್ಗುಲು ಬದಲಾಯಿಸಿದರೆ ಒಳಗಿನ ಶಬ್ದವೂ ಬದಲಾಗುತ್ತಿದೆ ಎಂದು ಪುಟ್ಟಿಗೆ ಹೇಳಿ, 'ನೀನೇ ನೋಡಮ್ಮ, ನಾನಿಲ್ಲೇ ನಿಂತಿರ್ತೀನಿ' ಎಂದರು. ಎಡಮಗ್ಗುಲಾಗಿ ಮಲಗಿಸಿದಳು. ಎದೆಗೆ ತಣ್ಣಗಿನ ಲೋಳೆ ಹಚ್ಚಿದಳು. 'ಉಸಿರು ತಗೋ. ಹಿಡ್ಕೋ. ಬಿಡು.' ಅಷ್ಟೇ ಮಾತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಒಂದು ಗೆರೆ ಆಚೀಚೆ ಆಗಲಿಲ್ಲ. ಚಿಕ್ಕವಳಿದ್ದಾಗ ಸೂಜಿ ಚುಚ್ಚಿದರೆ ಮನೆ ತಲೆ ಮೇಲೆ ಮಾಡುತ್ತಿದ್ದವಳು ಇವಳೇನಾ ಎನಿಸಿತು. ಇಪ್ಪತ್ತೈದು ನಿಮಿಷ ಬೇರೆ ಬೇರೆ ಕಡೆಯಿಂದ ನೋಡಿದಳು, ಅಳತೆ ತೆಗೆದಳು, ಚಿತ್ರ ಉಳಿಸಿಕೊಂಡಳು. ಡಾಕ್ಟರು ಏನೋ ಕೇಳಿದರು, ಇವಳು ಬೆರಳಲ್ಲಿ ತೋರಿಸಿದಳು, ಅವರು ತಲೆಯಾಡಿಸಿದರು. ಕೊನೆಗೆ ಎದೆ ಒರೆಸಿ, 'ಅಪ್ಪ, ಎದ್ದೇಳಬೇಡ. ಚಪ್ಪಲಿ ಹಾಕ್ಕೊಳ್ಳೋಕೂ ಬಗ್ಗಬೇಡ' ಎಂದಳು. ಹೊರಗೆ ಹೋಗಿ ಐದು ನಿಮಿಷ ಬಿಟ್ಟು ಬಂದಳು. ಮುಖ ತೊಳೆದುಕೊಂಡು ಬಂದಿದ್ದಳು.

ವಿಷಯ ಇಷ್ಟು. ಹೃದಯದಲ್ಲಿ ನಾಲ್ಕು ಕೋಣೆ. ಎಡಗಡೆ ಮೇಲಿನ ಕೋಣೆಯ ಗೋಡೆಗೆ ಒಂದು ಗೆಡ್ಡೆ ಬೆಳೆದಿತ್ತು, ಕೋಳಿಮೊಟ್ಟೆಯಷ್ಟು. ಒಂದು ತೊಟ್ಟಿನಿಂದ ನೇತಾಡುತ್ತಿತ್ತು. ಹೃದಯ ಒಂದೊಂದು ಸಲ ಬಡಿದಾಗಲೂ ಅದು ಜಾರಿ ಕೆಳಗಿನ ಕೋಣೆಯ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನಾನು ಬಗ್ಗಿದಾಗ ಪೂರ್ತಿ ಅಡ್ಡ ಬರುತ್ತಿತ್ತು. ಅದಕ್ಕೇ ಉಸಿರು ಕಟ್ಟುತ್ತಿದ್ದದ್ದು. ಗೆಡ್ಡೆ ಕೆಟ್ಟ ಜಾತಿಯದಲ್ಲ, ಮೈಗೆಲ್ಲ ಹರಡುವಂಥದ್ದಲ್ಲ. ಆದರೆ ಕೂತ ಜಾಗ ಕೆಟ್ಟದ್ದು. ಒಂದು ಚೂರು ಕಿತ್ತುಕೊಂಡು ಮೆದುಳಿಗೆ ಹೋದರೆ ಕೈಕಾಲು ಬೀಳುತ್ತದೆ, ಬಾಗಿಲಿಗೆ ಪೂರ್ತಿ ಅಡ್ಡ ನಿಂತರೆ ಅಲ್ಲಿಗೆ ಮುಗಿಯಿತು. ಇದಕ್ಕೆ ಮಾತ್ರೆ ಇಲ್ಲ, ತೆಗೆಯಲೇಬೇಕು, ಅದೂ ಈ ವಾರವೇ ಎಂದರು. ಗುರುವಾರವೇ ತೆಗೆದರು.

ತೆಗೆದವರು ಒಬ್ಬ ಹೆಂಗಸು. ಸರ್ಜನ್ನು. ಕುಳ್ಳಗಿದ್ದಾರೆ, ಕಾಲ ಕೆಳಗೆ ಒಂದು ಮಣೆ ಹಾಕಿಕೊಂಡು ಆಪರೇಷನ್ ಮಾಡುತ್ತಾರಂತೆ. ಹಿಂದಿನ ದಿನ ಬಂದು ಎಲ್ಲ ವಿವರಿಸಿ, 'ಏನಾದರೂ ಕೇಳೋದಿದೆಯಾ?' ಎಂದರು. ನಾನು ದಾರ ಯಾವುದು ಎಂದು ಕೇಳಿದೆ. ನಿಮ್ಮಮ್ಮ ಹಣೆ ಚಚ್ಚಿಕೊಂಡಳು. ಅವರು ಮಾತ್ರ ನಗಲಿಲ್ಲ, ಒಂದು ಪೊಟ್ಟಣ ತರಿಸಿ ತೋರಿಸಿದರು. ನೀಲಿ ದಾರ, ಕೂದಲಿಗಿಂತ ಸಣ್ಣ, ಎರಡು ತುದಿಗೂ ಬಾಗಿದ ಸೂಜಿ. ಸೂಜಿಗೆ ಕಣ್ಣೇ ಇಲ್ಲ, ದಾರ ಅದರೊಳಗೇ ಸೇರಿಕೊಂಡಿದೆ! ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿ ಕಣ್ಣು ಕಳೆದುಕೊಂಡ ನನಗೆ ಹೊಟ್ಟೆ ಉರಿಯಿತು. ಗೆಡ್ಡೆಯನ್ನು ಬರೀ ಕಿತ್ತರೆ ಸಾಲದು, ತೊಟ್ಟು ಹುಟ್ಟಿದ ಜಾಗದ ಗೋಡೆಯನ್ನೂ ಸುತ್ತ ಸ್ವಲ್ಪ ಬಿಟ್ಟು ಕತ್ತರಿಸಬೇಕು, ಇಲ್ಲದಿದ್ದರೆ ಮತ್ತೆ ಬೆಳೆಯಬಹುದು ಎಂದರು. ಹಾಗಾದರೆ ತೂತಿಗೆ ಏನು ಮಾಡುತ್ತೀರಿ ಎಂದೆ. ಹೃದಯದ ಸುತ್ತ ಒಂದು ಚೀಲ ಇರುತ್ತದೆ, ಅದರಿಂದಲೇ ಒಂದು ತುಂಡು ಕತ್ತರಿಸಿ ತೇಪೆ ಹಾಕುತ್ತಾರಂತೆ. ನನಗೆ ಅಲ್ಲಿಗೆ ಧೈರ್ಯ ಬಂತು. 'ಅದೇ ಥಾನಿನ ಬಟ್ಟೆ. ಸರಿ, ಮಾಡಿ' ಎಂದೆ. ಆಮೇಲೆ ಅವರು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ: 'ತೊಟ್ಟು ಎಲ್ಲಿದೆ, ಎಷ್ಟು ದಪ್ಪ ಇದೆ, ಬಾಗಿಲಿಂದ ಎಷ್ಟು ದೂರ ಇದೆ, ಎಲ್ಲ ನಿಮ್ಮ ಮಗಳ ಚಿತ್ರದಲ್ಲಿದೆ. ನಾನು ಒಳಗೆ ಹೋಗಿ ಹುಡುಕೋದು ಏನೂ ಇಲ್ಲ. ಇಂಥ ಕೈ ನಮ್ಮಲ್ಲಿ ಇನ್ನೊಂದಿಲ್ಲ.' ಇಂಥ ಕೈ ಇನ್ನೊಂದಿಲ್ಲ ಎಂದರು ಮಗನೇ, ನಿನ್ನ ತಂಗಿಯ ಕೈ. ನಿಮ್ಮಮ್ಮ ಅತ್ತುಬಿಟ್ಟಳು.

ಐವತ್ತೆರಡು ನಿಮಿಷ ನನ್ನ ಹೃದಯ ನಿಂತಿತ್ತಂತೆ. ರಕ್ತವನ್ನೆಲ್ಲ ಯಂತ್ರ ಓಡಿಸುತ್ತಿತ್ತು. ಅಷ್ಟು ಹೊತ್ತೂ ನಿಮ್ಮಮ್ಮ ಹೊರಗೆ ಬೆಂಚಿನ ಮೇಲೆ ಕೂತು ನನ್ನ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳಂತೆ. ಪುಟ್ಟಿ, ಅವತ್ತು ರಜೆ ತೆಗೆದುಕೋ ಎಂದರೂ ಕೇಳದೆ, ಕೆಳಗೆ ತನ್ನ ಕೋಣೆಯಲ್ಲಿ ಹದಿನೇಳು ಜನರನ್ನು ನೋಡಿದಳು. ಅವರೂ ಯಾರದೋ ಅಪ್ಪಂದಿರು, ಕಾಯಿಸೋಕೆ ಆಗುತ್ತಾ ಎಂದಳಂತೆ. ಆಪರೇಷನ್ ಮುಗಿದ ಮೇಲೆ ಎದೆಯ ಮೂಳೆಯನ್ನು ತಂತಿಯಲ್ಲಿ ಬಿಗಿದು, ಮೇಲೆ ಚರ್ಮವನ್ನು ಒಳಹೊಲಿಗೆಯಲ್ಲಿ ಮುಚ್ಚಿದ್ದಾರೆ. ಮೂರನೇ ದಿನ ನಿಮ್ಮಮ್ಮನ ಕೈಕನ್ನಡಿ ಇಸಿದುಕೊಂಡು ನೋಡಿದೆ. ಹೊರಗೆ ಒಂದು ಹೊಲಿಗೆಯೂ ಕಾಣುವುದಿಲ್ಲ, ಗೆರೆ ಹೊಡೆದ ಹಾಗೆ ನೆಟ್ಟಗಿದೆ. ಕೆಳಗಿನ ತುದಿಯಲ್ಲಿ ಮಾತ್ರ ಒಂದು ಸಣ್ಣ ಸುಕ್ಕು ಇದೆ. ಸರ್ಜನ್ನಿಗೆ ತೋರಿಸಿದೆ. 'ನೀವು ಹೀಗೆ ನೋಡ್ತಾ ಇದ್ದರೆ ನಾನು ಪರೀಕ್ಷೆಗೆ ಕೂತ ಹಾಗಿದೆ' ಎಂದು ನಕ್ಕರು. ಪಾಸು ಮಾಡಿದ್ದೇನೆ ಎಂದೆ. ಗೆಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದರು, ಅದರ ವರದಿಯೂ ಒಳ್ಳೆಯದೇ ಬಂದಿದೆ.

ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ನನಗೆ ಒಂದೇ ಕೆಲಸ. ಯಾರು ಬಂದರೂ, 'ಆ ಚಿತ್ರ ತೆಗೆದವಳು ನನ್ನ ಮಗಳು' ಎನ್ನುವುದು. ಪಕ್ಕದ ಹಾಸಿಗೆಯವನಿಗೆ, ನೆಲ ಒರೆಸುವಾಕೆಗೆ, ಟೀ ತರುವವನಿಗೆ, ಲಿಫ್ಟಿನವನಿಗೆ, ಎಲ್ಲರಿಗೂ ಹೇಳಿದೆ. ಪುಟ್ಟಿ ಬಂದು, 'ಅಪ್ಪ, ಸಾಕು ಮಾಡು, ಲಿಫ್ಟಲ್ಲಿ ಹೋಗೋಕೆ ನಾಚಿಕೆ ಆಗುತ್ತೆ' ಎಂದು ಬೈದಳು. ಬೈದರೆ ಬೈಯಲಿ. ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಕೆಮ್ಮಬಾರದು, ನಗಬಾರದು ಎಂದಿದ್ದಾರೆ. ಜಂಬ ಪಡಬಾರದು ಎಂದು ಯಾರೂ ಹೇಳಿಲ್ಲ.

ಈಗ ನಿನ್ನ ವಿಷಯ. ಮನೆಗೆ ಕಳಿಸುವ ಮೊದಲು ಆ ಹೃದಯದ ಡಾಕ್ಟರು ಬಂದು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. ನನ್ನ ತುಟಿಯ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ ಕಂದು ಚುಕ್ಕೆಗಳಿವೆಯಲ್ಲ, ಅವು ಯಾವಾಗಿನಿಂದ ಇವೆ, ಮನೆಯಲ್ಲಿ ಬೇರೆ ಯಾರಿಗಿವೆ ಎಂದು ಕೇಳಿದರು. ನಮ್ಮಪ್ಪನಿಗೆ ಇತ್ತು, ಮಗನಿಗಿದೆ, ಮಗಳಿಗಿದೆ, ನಮ್ಮ ಮನೆಯ ಗುರುತೇ ಅದು ಎಂದು ಹೆಮ್ಮೆಯಿಂದ ಹೇಳಿದೆ. ಅವರು ನಗಲಿಲ್ಲ. 'ನಿಮ್ಮಪ್ಪ ಹೇಗೆ ಹೋದರು?' ಎಂದರು. ನಲವತ್ತೊಂದನೇ ವಯಸ್ಸಿಗೆ, ಪೆಟ್ಟಿಗೆ ಎತ್ತಲು ಬಗ್ಗಿದವರು ಹಾಗೇ ಬಿದ್ದರು ಎಂದೆ. ಬಗ್ಗಿದವರು ಎಂದಾಗಲೇ ನನ್ನ ಮೇಜಿನ ಕೆಳಗಿನ ಇಟ್ಟಿಗೆಗಳು ನೆನಪಾದವು. ಈ ಗೆಡ್ಡೆ ಬರುವುದೇ ಅಪರೂಪ, ಬಂದವರಲ್ಲಿಯೂ ಹೆಚ್ಚಿನವರಿಗೆ ಮನೆತನದ ಸಂಬಂಧ ಇರುವುದಿಲ್ಲವಂತೆ. ಕೆಲವೇ ಕೆಲವು ಮನೆಗಳಲ್ಲಿ ಅಪ್ಪನಿಂದ ಮಕ್ಕಳಿಗೆ ಇಳಿಯುತ್ತದೆ, ಅಂಥ ಮನೆಗಳಲ್ಲಿ ಈ ಚುಕ್ಕೆಗಳೂ ಇರುತ್ತವೆ ಎಂದರು. ಮಕ್ಕಳಿಬ್ಬರನ್ನೂ ಸ್ಕ್ಯಾನ್ ಮಾಡಲೇಬೇಕು ಎಂದು ಚೀಟಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದಾರೆ. ಪುಟ್ಟಿ ಅಲ್ಲೇ ಇರುವವಳು. ದೂರ ಇರುವವನು ನೀನು. ನಿನಗೆ ಏನೂ ಇರಲಿಕ್ಕಿಲ್ಲ. ಇದ್ದರೂ ನೋವಿಲ್ಲದ ಪರೀಕ್ಷೆ, ಅರ್ಧ ಗಂಟೆಯ ಕೆಲಸ, ಗೊತ್ತಾದರೆ ತೆಗೆಯಬಹುದು. ಗೊತ್ತಾಗದೆ ಇರುವುದೇ ಅಪಾಯ.

ನೀನು ಬರಲು ಹಿಂದೆ ಮುಂದೆ ನೋಡುವುದು ಯಾಕೆ ಎಂದು ನನಗೆ ಗೊತ್ತು. ಮೂರು ವರ್ಷದ ಹಿಂದೆ ಅವಳಿಗೆ ಈ ಕೆಲಸ ಸಿಕ್ಕಿದ ದಿನ ಊಟಕ್ಕೆ ಕೂತಿದ್ದೆವು. ನೀನು, 'ಡಾಕ್ಟರ್ ಆಗ್ತೀನಿ ಅಂತ ಹೊರಟೋಳು ಎದೆಗೆ ಲೋಳೆ ಹಚ್ಚೋ ಕೆಲಸಕ್ಕೆ ಸೇರಿದ್ಲು' ಎಂದೆ. ಅವಳು ತಟ್ಟೆ ಬಿಟ್ಟು ಎದ್ದಳು. ಅವತ್ತಿನಿಂದ ನೀವಿಬ್ಬರೂ ಮಾತು ಬಿಟ್ಟಿದ್ದೀರಿ. ಆದರೆ ಆ ಮಾತಿಗೆ ನಕ್ಕವನು ನಾನು. ಅವಳಿಗೆ ನಿನ್ನ ಮಾತಿಗಿಂತ ನನ್ನ ನಗು ಹೆಚ್ಚು ನೋಯಿಸಿರಬೇಕು. ಹೋದ ವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವತ್ತು ನಕ್ಕದ್ದು ತಪ್ಪಾಯಿತು ಮಗಳೇ ಎಂದು ಕೇಳಿಕೊಂಡೆ. 'ಎಷ್ಟು ವರ್ಷ ಆಯ್ತು, ಈಗೇನಪ್ಪ' ಎಂದು ಮುಖ ಆ ಕಡೆ ತಿರುಗಿಸಿಕೊಂಡಳು. ನೀನು ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ, ಮೀಸೆ ಬಂದ ಮಗನಿಗೆ ಬುದ್ಧಿ ಹೇಳುವಷ್ಟು ಉಸಿರು ಇನ್ನೂ ನನಗೆ ಬಂದಿಲ್ಲ.

ಮೈ ಕಡೆ ಜೋಪಾನ. ಗಾಡಿ ನಿಧಾನವಾಗಿ ಓಡಿಸು. ನಿಮ್ಮಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ತಲೆಗೆ ಎಣ್ಣೆ ಹಚ್ಚಿಕೋ ಎಂದೂ ಹೇಳಿದ್ದಾಳೆ. ನೂರು ವರ್ಷ ಚೆನ್ನಾಗಿ ಬಾಳು.

ಇಂತಿ,
ತನ್ನ ಅಳತೆಯನ್ನು ತಾನೇ ತಪ್ಪಾಗಿ ತೆಗೆದುಕೊಂಡ
ನಿನ್ನ ಅಪ್ಪ

ತಾ.ಕ.: ನಿಮ್ಮ ಕ್ಯಾಂಪಿಗೆ ಸಾಮಾನು ತರುವ ಲಾರಿಯವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಎಲ್ಲ ಬರೆದೆ, ಇದೊಂದನ್ನು ಬರೆಯಲು ಕೈ ಬರಲಿಲ್ಲ. ಪುಟ್ಟಿ ಮೊನ್ನೆ ಶುಕ್ರವಾರ ತನ್ನದನ್ನೂ ನೋಡಿಸಿಕೊಂಡಳು. ಜೊತೆಯವಳು ಹಿಡಿಕೆಯನ್ನು ಒಂದೇ ಕಡೆ ಒತ್ತಿ ಹಿಡಿದಾಗ ಇವಳೇ ಯಂತ್ರದ ಪರದೆ ನೋಡಿ, 'ಇದೆ ಕಣೇ, ಬಲಗಡೆ' ಎಂದಳಂತೆ. ದ್ರಾಕ್ಷಿಹಣ್ಣಿನಷ್ಟಿದೆ. ಬೇಗ ಸಿಕ್ಕಿದೆ, ಹೆದರುವಂಥದ್ದಿಲ್ಲ ಎಂದು ಸರ್ಜನ್ನು ಧೈರ್ಯ ಹೇಳಿದ್ದಾರೆ. ಇಪ್ಪತ್ತೈದನೇ ತಾರೀಕು ಗುರುವಾರ ಅವಳ ಆಪರೇಷನ್. ಅಣ್ಣನಿಗೆ ಹೇಳಬೇಡಿ, ಗಾಬರಿಯಾಗುತ್ತಾನೆ ಎಂದಿದ್ದಾಳೆ, ನನ್ನ ಮಗಳಲ್ಲವೇ. ಇಪ್ಪತ್ತನಾಲ್ಕು ಬುಧವಾರ ಅವಳ ಕೋಣೆಯಲ್ಲಿ ಸಂಜೆಯ ಕೊನೆಯ ಸರದಿಗೆ ನಿನ್ನ ಹೆಸರು ಬರೆದಿಟ್ಟಿದ್ದಾಳೆ. ಪಕ್ಕದಲ್ಲಿ ಡಾಕ್ಟರು ನಿಲ್ಲಲು ಒಪ್ಪಿದ್ದಾರೆ. ಬೇರೆಯವರು ನೋಡಬಹುದಲ್ಲೇ, ನಿನಗೆ ಮಾರನೇ ದಿನ ಆಪರೇಷನ್, ವಿಶ್ರಾಂತಿ ತಗೋ ಎಂದರೆ, 'ಅಣ್ಣಂದು ನಾನೇ ನೋಡಬೇಕು. ನೋಡಿ ಆಮೇಲೆ ಮಲಗ್ತೀನಿ' ಎನ್ನುತ್ತಾಳೆ. ಬುಧವಾರ ಸಂಜೆ ಐದೂವರೆಗೆ ಬಂದುಬಿಡು ಮಗನೇ.